ಕಿಡ್ನಿ ಕಸಿಯಾದವರು ಮನೆಗೆ ಬರುವ ಮುನ್ನ



ಹೊಸ ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿದೆ, ಇನ್ನು ನಾಲ್ಕು ದಿನದಲ್ಲಿ ಮನೆಗೆ ಕಳಿಸುತ್ತೇವೆ ಎಂದ ಕೂಡಲೇ ನೀವು ಊರಿಗೆ ಫೋನ್ ಮಾಡುತ್ತೀರಿ. ಸಂತೋಷ. ಅದೇ ಫೋನಿನಲ್ಲಿ ಇನ್ನೆರಡು ಮಾತು ಹೇಳಿಬಿಡಿ. ಕೋಣೆಗೆ ಸುಣ್ಣ ಹೊಡೆಸುವುದಿದ್ದರೆ ಇವತ್ತೇ ಹೊಡೆಸಲಿ, ರೋಗಿ ಬಂದ ಮೇಲೆ ಬೇಡ. ನೋಡಲು ಬರುವವರು ಸದ್ಯಕ್ಕೆ ಬರುವುದು ಬೇಡ.

ಎರಡನೆಯ ಮಾತು ನಿಮಗೆ ಕಷ್ಟವೆಂದು ಬಲ್ಲೆ. ಆಸ್ಪತ್ರೆಯಿಂದ ಬಂದವರನ್ನು ನೋಡಿ ಮಾತನಾಡಿಸದಿದ್ದರೆ ನಮ್ಮಲ್ಲಿ ತಪ್ಪು ತಿಳಿಯುತ್ತಾರೆ. ಆದರೆ ನಮ್ಮ ದೇಹವು ಹೊಸ ಕಿಡ್ನಿಯನ್ನು ಹೊರಗಿನದೆಂದು ತಿಳಿದು ಅದರ ಮೇಲೆ ಯುದ್ಧ ಹೂಡುತ್ತದೆ. ಹಾಗಾಗದಿರಲೆಂದು ಟ್ಯಾಕ್ರೋಲಿಮಸ್ ಮುಂತಾದ ಮಾತ್ರೆಗಳಿಂದ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸಿರುತ್ತೇವೆ. ಬಂದವರಿಗೆ ಎರಡು ದಿನದ ನೆಗಡಿಯಾದದ್ದು ಇವರಿಗೆ ನ್ಯುಮೋನಿಯಾ ಆಗಬಹುದು. ಮೊದಲ ಆರು ತಿಂಗಳು ಈ ಭಯ ಹೆಚ್ಚು. ಮನೆಯಲ್ಲಿ ಸ್ವಲ್ಪ ಗಟ್ಟಿ ಬಾಯಿಯವರೊಬ್ಬರು ಬಾಗಿಲಲ್ಲಿ ನಿಂತು "ಡಾಕ್ಟರು ಬೇಡ ಅಂದಿದ್ದಾರೆ" ಎನ್ನಲಿ. ಕೆಟ್ಟ ಹೆಸರು ನಮಗೇ ಬರಲಿ.

ಕೋಣೆಗೆ ಎ.ಸಿ. ಬೇಕಿಲ್ಲ. ಗಾಳಿ ಬೆಳಕು ಇರಬೇಕು, ಗೋಡೆಯಲ್ಲಿ ತೇವ, ಬೂಷ್ಟು ಇರಬಾರದು. ದನದ ಕೊಟ್ಟಿಗೆಗೆ ಅಂಟಿಕೊಂಡ ಕೋಣೆಯಾಗಲಿ, ಕಿಟಕಿಯಲ್ಲಿ ಪಾರಿವಾಳ ಕೂರುವ ಕೋಣೆಯಾಗಲಿ ಬೇಡ. ಕುದಿಸಿ ಆರಿಸಿದ ನೀರು, ಚೆನ್ನಾಗಿ ಕಾಯಿಸಿದ ಹಾಲು, ಆಗಷ್ಟೇ ಮಾಡಿದ ಬಿಸಿ ಊಟ ಕೊಡಿ. ಹಸಿ ಕೋಸಂಬರಿ, ಅಂಗಡಿಯಲ್ಲಿ ಹೆಚ್ಚಿಟ್ಟ ಹಣ್ಣು ಬೇಡ. ಚಕ್ಕೋತ ಹಣ್ಣಂತೂ ಬೇಡವೇ ಬೇಡ, ಅದು ರಕ್ತದಲ್ಲಿ ಮಾತ್ರೆಯ ಪ್ರಮಾಣವನ್ನು ಏರಿಸುತ್ತದೆ. 2020ರ ಕೊರೊನಾ ಕಾಲದಿಂದ ಮನೆಮನೆಯಲ್ಲೂ ಅಮೃತಬಳ್ಳಿಯ ಕಷಾಯ ಬಂದಿದೆ. ಪ್ರೀತಿಯಿಂದಲೇ ಕೊಡುತ್ತಾರೆ. ನಾವು ಮಾತ್ರೆ ಕೊಟ್ಟು ಮಲಗಿಸಿದ ಶಕ್ತಿಯನ್ನು ಅದು ಎಬ್ಬಿಸಬಹುದು. ನಮ್ಮನ್ನು ಕೇಳದೆ ಕಷಾಯ, ನಾಟಿ ಔಷಧಿ, ನೋವಿನ ಮಾತ್ರೆ ಯಾವುದನ್ನೂ ಕೊಡಬೇಡಿ.

ಇನ್ನು ಗಡಿಯಾರ. ಬೆಳಿಗ್ಗೆ ಎಂಟಕ್ಕೆ ಮಾತ್ರೆ ಎಂದರೆ ರಾತ್ರಿಯೂ ಎಂಟಕ್ಕೇ. ರಕ್ತ ಪರೀಕ್ಷೆಯ ದಿನ ಮಾತ್ರ ಬೆಳಗಿನ ಟ್ಯಾಕ್ರೋಲಿಮಸ್ ಮಾತ್ರೆಯನ್ನು ಜೊತೆಯಲ್ಲಿ ತಂದು, ರಕ್ತ ಕೊಟ್ಟ ನಂತರ ನುಂಗಬೇಕು. ನಾನು ಕಂಡ ಒಬ್ಬ ಹುಡುಗ, ಮೈ ಹಗುರಾಗಿದೆ, ಉಳಿತಾಯವಾಗಲಿ ಎಂದು ತಿಂಗಳ ಕೊನೆಯಲ್ಲಿ ಕೆಲವು ದಿನ ಮಾತ್ರೆ ಬಿಡುತ್ತಿದ್ದ. ಮನೆಯವರಿಗೂ ತಿಳಿದಿರಲಿಲ್ಲ. ತಾಯಿ ಕೊಟ್ಟ ಕಿಡ್ನಿ ಹೋಗಿ ಮತ್ತೆ ಡಯಾಲಿಸಿಸ್‌ಗೆ ಬಂದ. ಅವನು ದುಡ್ಡಿಲ್ಲ ಎಂದು ಒಂದು ಮಾತು ಹೇಳಿದ್ದರೆ ಏನಾದರೂ ದಾರಿ ಹುಡುಕುತ್ತಿದ್ದೆವು. ನೀವು ನಾಚಿಕೆಪಡಬೇಡಿ. ಮಾತ್ರೆ ಮುಗಿಯುವ ಒಂದು ವಾರ ಮೊದಲೇ ಬಂದು ಹೇಳಿ.

ಒಂದು ನೋಟ್ ಪುಸ್ತಕದಲ್ಲಿ ದಿನವೂ ತೂಕ, ಜ್ವರ, ಬಿ.ಪಿ., ಮೂತ್ರದ ಪ್ರಮಾಣ ಬರೆದಿಡಿ. ಜ್ವರ 100 ಡಿಗ್ರಿ ದಾಟಿದರೆ, ಮೂತ್ರ ಕಡಿಮೆಯಾದರೆ, ಕಾಲು ಊದಿದರೆ, ಹೊಸ ಕಿಡ್ನಿ ಇರುವ ಕೆಳಹೊಟ್ಟೆಯಲ್ಲಿ ನೋವು ಬಂದರೆ, ಬೆಳಗಾಗಲಿ ಎಂದು ಕಾಯದೆ ಅದೇ ಹೊತ್ತಿನಲ್ಲಿ ಫೋನ್ ಮಾಡಿ.

ಕೊನೆಯದಾಗಿ, ಕಿಡ್ನಿ ಕೊಟ್ಟವರ ಬಗ್ಗೆ. ನಮ್ಮ ದೇಶದಲ್ಲಿ ಹೀಗೆ ಬದುಕಿದ್ದಾಗಲೇ ಕೊಡುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ತಾಯಿಯೋ ಹೆಂಡತಿಯೋ ಆಗಿರುತ್ತಾರೆ. ಅವರ ಹೊಟ್ಟೆಗೂ ಹೊಲಿಗೆ ಬಿದ್ದಿದೆ. ಆದರೆ ಊರಿಗೆ ಹೋದ ಮರುದಿನವೇ ಅವರು ಒಲೆಯ ಮುಂದೆ ನಿಂತಿರುತ್ತಾರೆ, ಯಾರೂ ಬೇಡವೆನ್ನುವುದಿಲ್ಲ. ಆದ್ದರಿಂದ ಮನೆಯಲ್ಲಿ ಎರಡು ಹಾಸಿಗೆ ಸಿದ್ಧಮಾಡಿ. ಕನಿಷ್ಠ ಆರು ವಾರ ಅವರು ಭಾರ ಎತ್ತುವಂತಿಲ್ಲ. ನಲ್ಲಿಯಿಂದ ಕೊಡ ಹೊತ್ತು ತರುವವರು ಯಾರು, ಅಡುಗೆಗೆ ನಿಲ್ಲುವವರು ಯಾರು ಎಂಬುದನ್ನು ಇವತ್ತು ಸಂಜೆಯ ಫೋನಿನಲ್ಲೇ ತೀರ್ಮಾನಿಸಿಕೊಳ್ಳಿ.