ಬಂಧಿತರ ಹೆಸರೂ ರಹಸ್ಯವೇ?



ಅಮೆರಿಕದಲ್ಲಿ 1966ರಿಂದಲೇ ಮಾಹಿತಿ ಸ್ವಾತಂತ್ರ್ಯ ಕಾಯಿದೆಯಿದೆ. ಸರಕಾರ ಕಡತ ಕೊಡದಿದ್ದರೆ ಅದರ ವಿರುದ್ಧವೇ ದಾವೆ ಹೂಡಬಹುದು. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ನಡೆದ ಒಂದು ದಾವೆಯನ್ನು ನಾವು ಇಂದೂ ಮರೆಯುವಂತಿಲ್ಲ.

ಆಗಿನ ತನಿಖೆಯಲ್ಲಿ ವಲಸೆ ನಿಯಮ ಉಲ್ಲಂಘನೆಯ ಆರೋಪದಡಿ ಬಂಧಿತರಾದ ವಿದೇಶೀಯರು 762 ಮಂದಿ, ಪಾಕಿಸ್ತಾನೀಯರೇ ಅತ್ಯಧಿಕ. ಅವರು ಯಾರೆಂದು ಸರಕಾರ ಹೇಳಲಿಲ್ಲ. ಹೆಸರೇ ತಿಳಿಯದವನ ಪರವಾಗಿ ವಕೀಲನು ಅರ್ಜಿ ಹಾಕುವುದೆಂತು? ಡಿಸೆಂಬರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಂಘಟನೆಗಳು ನ್ಯಾಯಾಲಯದ ಮೆಟ್ಟಿಲೇರಿದವು. ಹೆಸರುಗಳನ್ನು ಪ್ರಕಟಿಸುವಂತೆ ನ್ಯಾಯಾಧೀಶೆ ಗ್ಲಾಡಿಸ್ ಕೆಸ್ಲರ್ 2002ರ ಆಗಸ್ಟ್‌ನಲ್ಲಿ ಆದೇಶಿಸಿದರು.

ಸರಕಾರ ಮೇಲ್ಮನವಿ ಸಲ್ಲಿಸಿತು. ಪಟ್ಟಿ ಹೊರಬಿದ್ದರೆ ತನಿಖೆಯ ಜಾಡು ಭಯೋತ್ಪಾದಕರಿಗೆ ತಿಳಿದೀತಂತೆ! ಬಂಧಿತರು ವಕೀಲರನ್ನೂ ಪತ್ರಿಕೆಯವರನ್ನೂ ಸಂಪರ್ಕಿಸಬಹುದೆಂದು ಹೇಳಿಕೊಂಡದ್ದೂ ಇದೇ ಸರಕಾರ. ಅವರು ತಾವೇ ಹೇಳಬಹುದಾದ ಹೆಸರು ಪಟ್ಟಿಯಲ್ಲಿ ಬಂದೊಡನೆ ಅಪಾಯಕಾರಿಯಾಗುವುದೇ? ಮೇಲ್ಮನವಿ ನ್ಯಾಯಾಲಯವು 2003ರ ಜೂನ್‌ನಲ್ಲಿ 2-1ರ ಬಹುಮತದಿಂದ ಸರಕಾರದ ಮಾತನ್ನೇ ಒಪ್ಪಿತು. ಡೇವಿಡ್ ಟೇಟಲ್ ಒಬ್ಬರೇ ಭಿನ್ನಮತ ಬರೆದರು. 2004ರ ಜನವರಿಯಲ್ಲಿ ಸುಪ್ರೀಮ್ ಕೋರ್ಟ್ ವಿಚಾರಣೆಗೇ ನಿರಾಕರಿಸಿತು.

762 ಎಂಬ ಸಂಖ್ಯೆಯನ್ನು 2003ರಲ್ಲಿ ಬಹಿರಂಗಪಡಿಸಿದ್ದು ನ್ಯಾಯಾಂಗ ಇಲಾಖೆಯ ಮಹಾನಿರೀಕ್ಷಕರ ವರದಿ. ಬಂಧಿತನಿಗೆ ಭಯೋತ್ಪಾದನೆಯೊಡನೆ ನಂಟಿಲ್ಲವೆಂದು ಖಚಿತಪಡಿಸಲು ಎಫ್‌ಬಿಐಗೆ ಸರಾಸರಿ 80 ದಿನ ಹಿಡಿದಿತ್ತೆಂದೂ ಅದೇ ಹೇಳಿತು.