ಹೂಗಳ ಕಣಿವೆಯ ಕಾಲುದಾರಿ



ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿರುವ ಹೂಗಳ ಕಣಿವೆ ರಾಷ್ಟ್ರೀಯ ಉದ್ಯಾನಕ್ಕೆ ಮೋಟಾರು ರಸ್ತೆಯಿಲ್ಲ. ಗೋವಿಂದಘಾಟ್ ಬಳಿಯ ಪುಲ್ನಾ ಗ್ರಾಮದಿಂದ ಘಾಂಘರಿಯಾಕ್ಕೆ ಸುಮಾರು 10 ಕಿಲೋಮೀಟರ್ ಏರುದಾರಿ. ಹೇಸರಗತ್ತೆಗಳ ಸೌಕರ್ಯ ಅಲ್ಲಿಗೇ ಮುಗಿಯುತ್ತದೆ. ಮುಂದೆ ಕಾಲ್ನಡಿಗೆಯೇ ಗತಿ.

ಬ್ರಿಟಿಷ್ ಪರ್ವತಾರೋಹಿ ಫ್ರಾಂಕ್ ಸ್ಮೈತ್ 1931ರಲ್ಲಿ ಕಾಮೆಟ್ ಶಿಖರವನ್ನೇರಿ ಹಿಂದಿರುಗುವಾಗ ಈ ಕಣಿವೆಯನ್ನು ಕಂಡರು. ಅದನ್ನು ಅವರು 'ಶೋಧಿಸಿದರು' ಎನ್ನುವುದು ವಾಡಿಕೆ. ಸ್ಥಳೀಯ ಕುರಿಗಾಹಿಗಳಿಗಾದರೋ ಅದು ಅದಕ್ಕೆ ಮೊದಲೇ ಪರಿಚಿತವಾಗಿದ್ದ ಬೇಸಿಗೆಯ ಹುಲ್ಲುಗಾವಲು. 1982ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾದ ತರುವಾಯ ಅಲ್ಲಿ ಕುರಿ ಮೇಯಿಸುವುದನ್ನು ನಿಷೇಧಿಸಲಾಯಿತು. ಇದರಿಂದ ಹೂಗಳಿಗೆ ಒಳಿತಾಗುವುದೆಂಬುದು ನಿರೀಕ್ಷೆ. ಆದರೆ ಪಾಲಿಗೋನಮ್ ಎಂಬ ಎತ್ತರದ ಸಸ್ಯವು ದಟ್ಟವಾಗಿ ಹಬ್ಬಿ, ಗಿಡ್ಡನೆಯ ಹೂಗಿಡಗಳನ್ನು ಮರೆಮಾಡತೊಡಗಿತು. ಮೊದಲು ಕುರಿಗಳೇ ಅದನ್ನು ಹತೋಟಿಯಲ್ಲಿಟ್ಟಿದ್ದವೆಂದು ಕೆಲವು ತಜ್ಞರು ವಾದಿಸಿದರು, ಒಪ್ಪದವರೂ ಉಂಟು. ಇಂದು ಅರಣ್ಯ ಇಲಾಖೆಯು ಕೂಲಿಯಾಳುಗಳಿಂದ ಅದನ್ನು ಕೀಳಿಸುತ್ತಿದೆ.

ಉದ್ಯಾನವು ಜೂನ್‌ನಿಂದ ಅಕ್ಟೋಬರ್‌ವರೆಗೆ ತೆರೆದಿರುತ್ತದೆ. ಹೂಗಳು ಅರಳುವ ಜುಲೈ, ಆಗಸ್ಟ್ ತಿಂಗಳುಗಳೇ ಭೂಕುಸಿತದ ಕಾಲವೂ ಹೌದು. ಮುಂಬಯಿಯ ಮಳೆಗೆ ಒಗ್ಗಿದವರೂ ಇಲ್ಲಿ ಜಾಗರೂಕರಾಗಿರಬೇಕು. ರಾತ್ರಿ ತಂಗಲು ಅನುಮತಿಯಿಲ್ಲ. ಕಲ್ಲು ಹಾಸಿದ ದಾರಿಯನ್ನು ಬಿಟ್ಟು ಛಾಯಾಚಿತ್ರಕ್ಕಾಗಿ ಹತ್ತು ಹೆಜ್ಜೆ ಒಳಗಿಟ್ಟರೆ, ವರ್ಷದಲ್ಲಿ ಕೆಲವೇ ವಾರ ಬೆಳೆಯುವ ಗಿಡಗಳು ತುಳಿತಕ್ಕೆ ಸಿಕ್ಕುತ್ತವೆ.

1939ರಲ್ಲಿ ಸಸ್ಯಗಳನ್ನು ಸಂಗ್ರಹಿಸುತ್ತಿದ್ದ ಜೋನ್ ಮಾರ್ಗರೆಟ್ ಲೆಗ್ ಇಲ್ಲಿ ಬಂಡೆಯಿಂದ ಜಾರಿ ಮೃತರಾದರು. ಕಣಿವೆಯೊಳಗಿನ ಅವರ ಸಮಾಧಿಯವರೆಗೆ ನಡೆದು, ಬಹುಮಂದಿ ಸಂಜೆಗೆ ಮೊದಲು ಘಾಂಘರಿಯಾಕ್ಕೆ ಹಿಂದಿರುಗುತ್ತಾರೆ.