ತೀವ್ರ ಅಪೌಷ್ಟಿಕ ಮಕ್ಕಳ ಆಹಾರದಲ್ಲಿ ಕೊಬ್ಬಿನಾಮ್ಲಗಳು

(ಸಿಂಧನೂರು ತಾಲ್ಲೂಕಿನ ಸಾಲಗುಂದದಲ್ಲಿ ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಹಾಗೂ ತಾಯಂದಿರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ನಮ್ಮ ರಾಯಚೂರು ಜಿಲ್ಲೆಯ ಮಕ್ಕಳ ಅಪೌಷ್ಟಿಕತೆ 2011ರಲ್ಲಿ ನಾಡಿನ ಗಮನ ಸೆಳೆದು, ವಿಷಯವು ಉಚ್ಚ ನ್ಯಾಯಾಲಯದವರೆಗೆ ಹೋಗಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾದುದು ತಮಗೆ ತಿಳಿದಿದೆ. ಅಂದಿನಿಂದ ಮಕ್ಕಳ ತೂಕದ ಬಗ್ಗೆ ಬಹಳ ಚರ್ಚಿಸಿದ್ದೇವೆ. ಆ ತೂಕವನ್ನು ತಂದುಕೊಡುವ ಕೊಬ್ಬು ಎಂತಹುದಿರಬೇಕೆಂಬ ಚರ್ಚೆ ಮಾತ್ರ ಕಡಿಮೆ.

ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂತಹ ಮಗುವಿನ ಹೊಟ್ಟೆ ಚಿಕ್ಕದು, ಅಗತ್ಯ ದೊಡ್ಡದು. ಒಂದು ಗ್ರಾಂ ಪಿಷ್ಟ 4 ಕಿಲೋಕ್ಯಾಲರಿ ಕೊಟ್ಟರೆ ಒಂದು ಗ್ರಾಂ ಕೊಬ್ಬು 9 ಕೊಡುತ್ತದೆ. ಈ ಕಾರಣದಿಂದಲೇ ಆಸ್ಪತ್ರೆಯ ಎಫ್-100 ಹಾಲಿನಲ್ಲಿ ಅರ್ಧಕ್ಕೂ ಹೆಚ್ಚು ಶಕ್ತಿ ಕೊಬ್ಬಿನಿಂದ ಬರುತ್ತದೆ. 1990ರ ದಶಕದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ, ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆಗಳ ಸಿದ್ಧ ಚಿಕಿತ್ಸಾ ಆಹಾರದಲ್ಲಿಯೂ ಶೇ. 45ರಿಂದ 60ರಷ್ಟು ಶಕ್ತಿ ಕೊಬ್ಬಿನದೇ.

ಆದರೆ ಕೊಬ್ಬೆಲ್ಲವೂ ಒಂದೇ ಅಲ್ಲ. ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾರದ ಕೊಬ್ಬಿನಾಮ್ಲಗಳಲ್ಲಿ ಒಮೆಗಾ-6 ಮತ್ತು ಒಮೆಗಾ-3 ಎಂಬ ಎರಡು ಬಗೆ. ಮಿದುಳು ಮತ್ತು ಕಣ್ಣಿನ ಬೆಳವಣಿಗೆಗೆ ಬೇಕಾದ ಡಿ.ಎಚ್.ಎ. ಒಮೆಗಾ-3ರ ಕುಟುಂಬದ್ದು. ಎರಡನ್ನೂ ಪರಿವರ್ತಿಸುವ ಕಿಣ್ವಗಳು ಅವೇ ಆದುದರಿಂದ, ಒಮೆಗಾ-6 ಅತಿಯಾದರೆ ಒಮೆಗಾ-3ರ ಕೆಲಸ ಕುಂಠಿತವಾಗುತ್ತದೆ. ಆಫ್ರಿಕಾದ ಮಲಾವಿಯಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಮೆಗಾ-6 ತಗ್ಗಿಸಿ ಡಿ.ಎಚ್.ಎ. ಸೇರಿಸಿದ ಆಹಾರ ಪಡೆದ ಮಕ್ಕಳು, ಚಿಕಿತ್ಸೆ ಮುಗಿದ ಆರು ತಿಂಗಳ ಬಳಿಕ, ಬೆಳವಣಿಗೆಯ ಪರೀಕ್ಷೆಯಲ್ಲಿ ಸಾಮಾನ್ಯ ಚಿಕಿತ್ಸಾ ಆಹಾರ ಪಡೆದವರಿಗಿಂತ ಮುಂದಿದ್ದರು. ತಕ್ಕಡಿ ಈ ವ್ಯತ್ಯಾಸವನ್ನು ತೋರಿಸುವುದಿಲ್ಲ.

ಇನ್ನು ನಮ್ಮ ಅಡುಗೆಮನೆಗೆ ಬರೋಣ. ತುಂಗಭದ್ರಾ ಎಡದಂಡೆ ಕಾಲುವೆಯ ಈ ಸೀಮೆಯಲ್ಲಿ ಮಗುವಿಗೆ ಉಣಿಸುವುದು ಹೆಚ್ಚಾಗಿ ಅನ್ನ, ತಿಳಿಸಾರು. ಅದರಲ್ಲಿ ಕೊಬ್ಬು ಇಲ್ಲವೆಂಬಷ್ಟು ಕಡಿಮೆ. ಸೂರ್ಯಕಾಂತಿ, ಕುಸುಬಿ, ಗುರೆಳ್ಳು ಇವುಗಳಲ್ಲಿ ಸಾಮಾನ್ಯವಾಗಿ ಒಮೆಗಾ-6 ಹೇರಳ. ಅಗಸಿಯ ಎಣ್ಣೆಯಲ್ಲಿ ಮಾತ್ರ ಅರ್ಧದಷ್ಟು ಒಮೆಗಾ-3. ಚಟ್ನಿಪುಡಿಗೆ ಅಗಸಿ ಹುರಿದಾಗ, ಖಾರ ಬೆರೆಸುವ ಮುನ್ನ ಒಂದಿಷ್ಟು ನುಣ್ಣಗೆ ಪುಡಿಮಾಡಿ ತೆಗೆದಿಡಿ. ಬೇಗ ಕಮಟುವುದರಿಂದ ಸ್ವಲ್ಪಸ್ವಲ್ಪವೇ ಮಾಡಿ. ಆದರೂ ಅಗಸಿಯೇ ಔಷಧವೆಂದು ನಾನು ಹೇಳಲಾರೆ. ಅದರ ಒಮೆಗಾ-3 ಡಿ.ಎಚ್.ಎ. ಆಗಿ ಬದಲಾಗುವುದು ಅತ್ಯಲ್ಪ. ಡಿ.ಎಚ್.ಎ. ನೇರವಾಗಿ ದೊರೆಯುವುದು ತಾಯಿಯ ಹಾಲು, ಮೀನು ಮತ್ತು ತತ್ತಿಯಿಂದ. ಆದ್ದರಿಂದ ಎದೆಹಾಲನ್ನು ಎರಡು ವರ್ಷ ತುಂಬುವವರೆಗೂ ಬಿಡಿಸಬೇಡಿ. ಅಂಗನವಾಡಿಯಿಂದ ಮಗುವಿಗೆಂದು ಬಂದ ತತ್ತಿ ಮಗುವಿನ ಬಾಯಿಗೇ ಹೋಗಲಿ. ಮನೆಮಂದಿ ಹಂಚಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ.

ಒಂದು ಎಚ್ಚರಿಕೆ. ಕಾಲುಗಳಲ್ಲಿ ಬಾವು ಇರುವ, ಇಲ್ಲವೇ ಊಟವನ್ನೇ ನಿರಾಕರಿಸುವ ಮಗುವಿಗೆ ಮನೆಯಲ್ಲಿ ಎಣ್ಣೆ, ತುಪ್ಪ ಹೆಚ್ಚಿಸಲು ಹೋಗಬಾರದು. ಅಂತಹ ಮಗುವನ್ನು ಕೂಡಲೇ ಆಸ್ಪತ್ರೆಗೆ ಕಳುಹಿಸಿ. ಅಲ್ಲಿ ಮೊದಲು ಕಡಿಮೆ ಸಾಂದ್ರತೆಯ ಎಫ್-75 ಹಾಲು ಕೊಟ್ಟು, ದೇಹ ಸ್ಥಿಮಿತಕ್ಕೆ ಬಂದ ಮೇಲೆಯೇ ಎಫ್-100 ಆರಂಭಿಸುತ್ತಾರೆ.

ಪೌಷ್ಟಿಕ ಪುನಶ್ಚೇತನ ಕೇಂದ್ರದಿಂದ ಮರಳಿದ ಮಗು ಮತ್ತೆ ಬರಿಯ ಅನ್ನ, ಸಾರಿಗೆ ಬಿದ್ದರೆ ಗಳಿಸಿದ ತೂಕ ಉಳಿಯುವುದಿಲ್ಲ. ಕಾರ್ಯಕರ್ತೆಯರು ಅಂತಹ ಮನೆಗೆ ಹೋದಾಗ ತೋಳು ಅಳೆಯುವುದರ ಜೊತೆಗೆ, ಮಗುವಿನ ತಟ್ಟೆಗೆ ಯಾವ ಎಣ್ಣೆ, ಎಷ್ಟು ಚಮಚ ಬೀಳುತ್ತಿದೆ, ವಾರದಲ್ಲಿ ಎಷ್ಟು ತತ್ತಿ ತಿಂದಿದೆ ಎಂಬುದನ್ನು ಕೇಳಿ ವಹಿಯಲ್ಲಿ ಬರೆದುಕೊಳ್ಳಬೇಕೆಂದು ವಿನಂತಿಸುತ್ತೇನೆ.